ಜನವರಿಯಲ್ಲಿ ಕತೆಪುಸ್ತಕದ ಬೀರುವಿಗೆ ಬೀಗ ಬೇಡ

ಇನ್ನು ಕೆಲವೇ ದಿನಗಳಲ್ಲಿ ನಮ್ಮ ಲೈಬ್ರರಿಯ ನೋಟಿಸ್ ಬೋರ್ಡಿಗೆ ಒಂದು ಚೀಟಿ ಬೀಳುತ್ತದೆ. ದ್ವಿತೀಯ ಪಿಯುಸಿಯವರು ತಮ್ಮ ಹತ್ತಿರ ಇರುವ ಪುಸ್ತಕಗಳನ್ನೆಲ್ಲ ಜನವರಿ ಎರಡನೇ ವಾರದೊಳಗೆ ವಾಪಸ್ ಕೊಟ್ಟು ನೋ ಡ್ಯೂ ಸಹಿ ಹಾಕಿಸಿಕೊಳ್ಳಬೇಕು. ಆಮೇಲೆ ಗೈಡು, ಹಳೇ ಪ್ರಶ್ನೆಪತ್ರಿಕೆ ಬೇಕಾದರೆ ಅಲ್ಲೇ ಕೂತು ನೋಡಬಹುದು. ಕತೆ, ಕಾದಂಬರಿ, ವಾರಪತ್ರಿಕೆ ಮಾತ್ರ ಇಲ್ಲ. ಕಿಟಕಿ ಪಕ್ಕದ ಬೀರುವಿಗೆ ಬೀಗ. ಹೋದ ವರ್ಷ ನಮ್ಮ ಸೀನಿಯರ್‌ಗಳಿಗೆ ಹೀಗೇ ಆಗಿತ್ತು. ಈ ವರ್ಷ ನಮ್ಮ ಸರದಿ.

ಆ ಬೀಗ ಹಾಕಬೇಡಿ ಎಂದು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ಹಗುರವಾದ ಪುಸ್ತಕ ಓದುವುದು ಸಮಯ ಹಾಳು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಕೆಲಸ ತಲೆ ಮೇಲೆ ಕೂತಿರುವ ಕಾಲದಲ್ಲೇ ಅಂಥ ಪುಸ್ತಕ ಬೇಕು. ಬೇಸಿಗೆ ರಜೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ, ಆಗ ಮಾಡುವುದಕ್ಕೆ ಬೇರೆ ಬೇಕಾದಷ್ಟು ಇರುತ್ತದೆ.

ಈ ಸಲದ ಕ್ಯಾಲೆಂಡರ್ ನೋಡಿ. ಫೆಬ್ರವರಿಯಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ನಮ್ಮ ಸಾಗರದ ಮಾರಿಜಾತ್ರೆ. ಪರೀಕ್ಷೆ ಒಂದು ಶುರುವಾಗುವುದು ಫೆಬ್ರವರಿ 28ಕ್ಕೆ. ಚಂದ್ರ ಕಾಣುವುದನ್ನು ನೋಡಿಕೊಂಡು, ರಂಜಾನ್ ಅದಕ್ಕೆ ಎಂಟು ಹತ್ತು ದಿನ ಮೊದಲೇ ಬಂದಿರುತ್ತದೆ. 2025ರಲ್ಲೂ ಮಾರ್ಚ್ 1ಕ್ಕೆ ಪರೀಕ್ಷೆ, 2ಕ್ಕೆ ಮೊದಲ ರೋಜಾ. ನಮ್ಮ ಕಾಲೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಎರಡನ್ನೂ ಒಟ್ಟಿಗೆ ನಿಭಾಯಿಸಬೇಕು. ಜೊತೆಗೆ ಬಹಳಷ್ಟು ಮನೆಗಳಲ್ಲಿ ಇದು ದುಡಿಮೆಯ ಸೀಸನ್ ಕೂಡ. ನಮ್ಮ ಅಬ್ಬ ಟೈಲರ್. ಜಾತ್ರೆಗೆಂದು ಬಂದ ಬ್ಲೌಸುಗಳು ಮುಗಿಯುವಷ್ಟರಲ್ಲಿ ಈದ್ ಬಟ್ಟೆಗಳು ಬಂದು ಬೀಳುತ್ತವೆ. ಅಮ್ಮಿ ಮನೆಯಲ್ಲಿ ಹುಕ್ಸ್ ಹಾಕುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ. ಬಿಲ್ ಪುಸ್ತಕ, ಅಳತೆ ಪುಸ್ತಕ ನನ್ನ ಜವಾಬ್ದಾರಿ, ಯಾಕೆಂದರೆ ನಾನು ಕಾಮರ್ಸ್. ಸಂಜೆ ಅಂಗಡಿ ಕೆಲಸ ಮುಗಿಸಿ ಅಕೌಂಟೆನ್ಸಿ ಮಾಡಲು ಕೂತರೆ, ಅಲ್ಲಿ ಮತ್ತೆ ಬೇರೆ ಯಾರದೋ ಅಂಗಡಿಯ ಲೆಕ್ಕ. ನನ್ನ ಕ್ಲಾಸಿನಲ್ಲಿ ಬೇಕರಿಯಲ್ಲಿ ನಿಲ್ಲುವವರಿದ್ದಾರೆ, ಅಡಿಕೆ ಸುಲಿಯಲು ಹೋಗುವವರ ಮನೆಯವರಿದ್ದಾರೆ, ಗ್ಯಾರೇಜಿನಿಂದ ನೇರ ಟ್ಯೂಷನ್‌ಗೆ ಬರುವವರಿದ್ದಾರೆ. ಹಾಗಾಗಿ ನಮಗೆ ಪರೀಕ್ಷೆಯ ಒತ್ತಡ ಬೇರೆ, ಕೆಲಸದ ಒತ್ತಡ ಬೇರೆ ಅಂತ ಇಲ್ಲ.

ಈಗ ಪ್ರಶ್ನೆ, ಇಷ್ಟೆಲ್ಲದರ ನಡುವೆ ಕತೆಪುಸ್ತಕಕ್ಕೆ ಸಮಯ ಎಲ್ಲಿದೆ?

ಇದೆ. ರಾತ್ರಿ ಒಂಬತ್ತೂವರೆ ಮೇಲೆ ಒಂದು ಹೊತ್ತು ಬರುತ್ತದೆ. ಪುಸ್ತಕ ತೆರೆದಿರುತ್ತದೆ, ಪಾಲುದಾರಿಕೆಯ ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ, ಕಣ್ಣು ಒಂದೇ ಸಾಲಿನ ಮೇಲೆ ನಾಲ್ಕು ಸಲ ಓಡಾಡುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಹಾಗಂತ ಮಲಗಿದರೆ ನಿದ್ದೆಯೂ ಬರುವುದಿಲ್ಲ. ಆಗ ಎಲ್ಲರ ಕೈ ಹೋಗುವುದು ಮೊಬೈಲಿಗೆ. ಐದು ನಿಮಿಷ ಎಂದು ಶುರು, ಮುಗಿಯುವಾಗ ಹತ್ತೂಕಾಲು. ನಾನು ಹೇಳುತ್ತಿರುವ ಸಮಯ ಇದೇ. ಇದನ್ನು ಓದಿನ ಸಮಯದಿಂದ ಕದಿಯಬೇಕಿಲ್ಲ, ಇದು ಆಗಲೇ ಕೈತಪ್ಪಿ ಹೋಗಿರುವ ಸಮಯ. ಪುಸ್ತಕಕ್ಕೆ ಒಂದು ದೊಡ್ಡ ಗುಣ ಇದೆ, ಅದಕ್ಕೆ ಅಧ್ಯಾಯ ಇರುತ್ತದೆ. ಹತ್ತು ಪುಟಕ್ಕೆ ಅಧ್ಯಾಯ ಮುಗಿದರೆ ಮುಚ್ಚಿಡಬಹುದು. ರೀಲ್ಸ್‌ಗೆ ಕೊನೆಯ ಪುಟ ಇಲ್ಲ.

ಬಸ್ಸಿನ ಸಮಯವೂ ಇದೆ. ತಾಳಗುಪ್ಪ, ಆನಂದಪುರ, ಕಾರ್ಗಲ್ ಕಡೆಯಿಂದ ಬರುವವರು ದಿನಕ್ಕೆ ಒಂದು ಗಂಟೆಯಾದರೂ ಬಸ್ಸಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಇರುತ್ತಾರೆ. ಹಿನ್ನೀರಿನ ಆಚೆಯಿಂದ ಬರುವ ನನ್ನ ಗೆಳತಿಯೊಬ್ಬಳು ಮೊದಲು ಲಾಂಚಿಗೆ ಕಾಯುತ್ತಾ ವಾರಕ್ಕೊಂದು ಪುಸ್ತಕ ಓದಿ ಮುಗಿಸುತ್ತಿದ್ದಳು. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು, ಕಾಯುವ ಕೆಲಸ ತಪ್ಪಿತು. ಸೇತುವೆಗೆ ಅಲ್ಲಿಯವರು ಎಷ್ಟು ವರ್ಷ ಕಾದಿದ್ದರು ಎಂದು ಗೊತ್ತಿದ್ದವರು ಯಾರೂ ಅದರ ಮೇಲೆ ದೂರು ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಆದರೆ ಉಳಿದ ಆ ಮುಕ್ಕಾಲು ಗಂಟೆ ಎಲ್ಲಿ ಹೋಯಿತು ಎಂದು ಕೇಳಿದರೆ ನಗುತ್ತಾಳೆ. ಸಮಯ ಉಳಿದರೆ ತಾನಾಗಿ ಓದು ಬರುತ್ತದೆ ಎನ್ನುವುದು ಸುಳ್ಳು. ಕೈಯಲ್ಲಿ ಪುಸ್ತಕ ಇದ್ದರೆ ಮಾತ್ರ ಬರುತ್ತದೆ. ಅದಕ್ಕೇ ಬೀರುವಿನ ಬೀಗದ ಮಾತು ಎತ್ತಿದ್ದು.

ನಮ್ಮ ಊರಿನಲ್ಲೇ ಇದ್ದ ನಾ. ಡಿಸೋಜ ಅವರ ಹೆಸರು ಎಲ್ಲರಿಗೂ ಗೊತ್ತು. ಅವರು ತೀರಿಕೊಂಡಿದ್ದು 2025ರ ಜನವರಿ 5ರಂದು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಾವು ಮರೆಯುವ ವಿಷಯ ಏನೆಂದರೆ, ಇವರು ಲೋಕೋಪಯೋಗಿ ಇಲಾಖೆಯಲ್ಲಿ, ಶರಾವತಿ ಯೋಜನೆಯ ಕಚೇರಿಗಳಲ್ಲಿ, ಫೈಲುಗಳ ನಡುವೆ ಕೆಲಸ ಮಾಡಿಕೊಂಡಿದ್ದವರು. ಓದು, ಬರಹ ಎಲ್ಲ ನೌಕರಿ ಮಾಡಿಕೊಂಡೇ ನಡೆದದ್ದು. ಮಕ್ಕಳಿಗಾಗಿ ಅವರು ಬರೆದ ಪುಸ್ತಕಗಳು ಬೇರೆ ಇವೆ. ‘ಮುಳುಗಡೆಯ ಊರಿಗೆ ಬಂದವರು’ ಎಂಬುದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಚಿಕ್ಕ ಪುಸ್ತಕ, ಪರೀಕ್ಷೆ ಕಾಲಕ್ಕೆ ಹೇಳಿಮಾಡಿಸಿದ್ದು. ಕಾಮರ್ಸಿನವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ‘ತುಳಸಿದಳ’ ಎಂಬ ಹೆದರಿಸುವ ಕಾದಂಬರಿ ಬರೆದ ಯಂಡಮೂರಿ ವೀರೇಂದ್ರನಾಥ್ ಚಾರ್ಟರ್ಡ್ ಅಕೌಂಟೆಂಟ್. ಲೆಕ್ಕ ಮತ್ತು ಕತೆ ಒಂದೇ ತಲೆಯಲ್ಲಿ ಇರಬಹುದು.

ಹಗುರವಾದ ಪುಸ್ತಕ ಅಂದರೆ ಕೀಳು ಎಂದು ತಿಳಿದವರಿಗೆ ನಮ್ಮ ದಾದಾ ಅವರ ವಿಷಯ ಹೇಳಬೇಕು. ಅವರೂ ಟೈಲರ್ ಆಗಿದ್ದರು, ಶಾಲೆಗೆ ಹೋಗಿದ್ದು ನಾಲ್ಕೇ ವರ್ಷ. ಆದರೆ ಇಬ್ನೆ ಸಫಿಯ ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ. ‘ಜಾಸೂಸಿ ದುನಿಯಾ’ ಎಂಬ ಈ ಮಾಲೆ 1952ರಲ್ಲಿ ಅಲಹಾಬಾದಿನಲ್ಲಿ ಶುರುವಾಯಿತು, 1955ರಿಂದ ಇಮ್ರಾನ್ ಎಂಬ ಪತ್ತೇದಾರನ ಇನ್ನೊಂದು ಮಾಲೆ. ಈದ್ ಸೀಸನ್ನಿನಲ್ಲಿ ರಾತ್ರಿ ಹನ್ನೆರಡರ ತನಕ ಮಷಿನ್ ತುಳಿದು, ಮಲಗುವ ಮುಂಚೆ ಎರಡು ಪುಟ ಓದಿ ಒಬ್ಬರೇ ನಗುತ್ತಿದ್ದರಂತೆ. ದಾದಿ ಈಗಲೂ ಅದನ್ನು ಹೇಳಿ ಗೊಣಗುತ್ತಾರೆ. ನಾಲ್ಕು ವರ್ಷದ ಶಾಲೆ ಕೊಟ್ಟ ಉರ್ದು ಅವರಿಗೆ ಕೊನೆಯವರೆಗೆ ಉಳಿದದ್ದು ಆ ಪುಸ್ತಕಗಳಿಂದ. ಇವತ್ತು ಮನೆಯಲ್ಲಿ ಉರ್ದು ಮಾತಾಡುವ ನಾವು, ಮದ್ರಸಾದಲ್ಲಿ ಅಕ್ಷರ ಕಲಿತವರೂ ಸೇರಿ, ಒಂದು ಪುಟ ಉರ್ದು ಸರಾಗವಾಗಿ ಓದಲು ಕಷ್ಟಪಡುತ್ತೇವೆ. ಕಾರಣ ಸರಳ, ಓದಲೇಬೇಕು ಅನ್ನಿಸುವ ಪುಸ್ತಕ ನಮ್ಮ ಕೈಗೆ ಬರಲಿಲ್ಲ.

ಕನ್ನಡದಲ್ಲೂ ಇದೇ ಕತೆ. ಬೀಚಿಯವರು ಮೊದಲು ಕನ್ನಡ ಪುಸ್ತಕದ ಹತ್ತಿರವೂ ಹೋಗುತ್ತಿರಲಿಲ್ಲವಂತೆ. ಅವರನ್ನು ಕನ್ನಡಕ್ಕೆ ಎಳೆದದ್ದು ಅ.ನ.ಕೃ. ಅವರ ‘ಸಂಧ್ಯಾರಾಗ’ ಎಂಬ ಕಾದಂಬರಿ, ವ್ಯಾಕರಣ ಪುಸ್ತಕ ಅಲ್ಲ. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರದು ನಮ್ಮಂಥದೇ ಮನೆಭಾಷೆ. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಮಿಷನ್ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಅವರಿಗೆ ಅಷ್ಟು ದಿನ ಬೇಕಾಗಲಿಲ್ಲ. ನನಗೆ ಬೇಕಾಯಿತು, ಅದಕ್ಕಿಂತ ಹೆಚ್ಚೇ ಬೇಕಾಯಿತು. ನನ್ನ ಕನ್ನಡ ಬಿಗಿ ಬಿಟ್ಟದ್ದು ಹೈಸ್ಕೂಲಿನಲ್ಲಿ ತೇಜಸ್ವಿಯವರ ‘ಕರ್ವಾಲೊ’ ಸಿಕ್ಕಮೇಲೆ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಆ ಗುಂಪು, ಅದರಲ್ಲೂ ಮಂದಣ್ಣ, ನಮ್ಮ ಅಂಗಡಿಗೆ ಬಂದು ಪ್ಯಾಂಟ್ ಹೊಲಿಸಿಕೊಳ್ಳುವವರ ಹಾಗೇ ಮಾತಾಡುತ್ತಾರೆ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಮನುಷ್ಯ ಬರೆದದ್ದು ತಾನೇ. ಕನ್ನಡ ಪತ್ರಿಕೆಯಲ್ಲಿ ಇವತ್ತು ಸ್ವಂತ ವಾಕ್ಯದಲ್ಲಿ ಉತ್ತರ ಬರೆಯುವ ಧೈರ್ಯ ನನಗೆ ಗೈಡಿನಿಂದ ಬಂದದ್ದಲ್ಲ.

ಆದರೆ ಮಾರ್ಕ್ಸ್ ಬರುತ್ತದೆ, ಅದಕ್ಕೆ ಕತೆ ಓದಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದ ಕೂಡಲೇ ಅದೂ ಒಂದು ಸಿಲಬಸ್ ಆಗಿಬಿಡುತ್ತದೆ. ಅಕೌಂಟೆನ್ಸಿಯಲ್ಲಿ ಸವಕಳಿ ಎಂಬ ಪಾಠ ಇದೆಯಲ್ಲ. ಯಂತ್ರ ಓಡಿದ ಹಾಗೆ ಸವೆಯುತ್ತದೆ, ಆ ಸವೆತವನ್ನು ಪ್ರತಿವರ್ಷ ಲೆಕ್ಕಕ್ಕೆ ತರದಿದ್ದರೆ ಪುಸ್ತಕದಲ್ಲಿ ಲಾಭ ಕಾಣಿಸುತ್ತದೆ, ಯಂತ್ರ ಮಾತ್ರ ಒಂದು ದಿನ ನಿಂತುಹೋಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ತಲೆಗೆ ಯಾರೂ ಸವಕಳಿ ಬರೆಯುವುದಿಲ್ಲ.

ರಂಜಾನಿನಲ್ಲಿ ಕುರ್‌ಆನ್ ಓದುವುದು ಬಿಟ್ಟು ಕತೆ ಓದುತ್ತಾರಾ ಎಂದು ನಮ್ಮ ಖಾಲಾ ಕೇಳಿದರು. ನ್ಯಾಯವಾದ ಪ್ರಶ್ನೆ. ತಿಲಾವತ್‌ಗೆ ಅದರದೇ ಹೊತ್ತು ಇದೆ, ಅದನ್ನು ಯಾವ ಕಾದಂಬರಿಗೂ ಬಿಟ್ಟುಕೊಡಬೇಕಿಲ್ಲ. ನಾನು ಕೇಳುತ್ತಿರುವುದು ಮೊಬೈಲಿನ ಪಾಲನ್ನು. ಇನ್ನು ಕೆಲವು ಹಿತೈಷಿಗಳು, ಓದುವುದೇ ಆದರೆ ವ್ಯಕ್ತಿತ್ವ ವಿಕಸನದ ಪುಸ್ತಕ ಓದಿ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಬೆಳಿಗ್ಗೆ ನಾಲ್ಕಕ್ಕೆ ಏಳಲು ಹೇಳುತ್ತವೆ. ಸಹರಿಗೆ ಏಳುವವರಿಗೆ ಆ ಉಪದೇಶದ ಅಗತ್ಯ ಇಲ್ಲ.

ಯಾವ ಪುಸ್ತಕ ಎನ್ನುವುದು ಮುಖ್ಯ. ಪರೀಕ್ಷೆಯ ಹಿಂದಿನ ರಾತ್ರಿಗೆ ಪತ್ತೇದಾರಿ ಕಾದಂಬರಿ ಬೇಡವೇ ಬೇಡ, ಕೊಲೆಗಾರ ಸಿಗುವ ತನಕ ನಿದ್ದೆ ಬರುವುದಿಲ್ಲ. ‘ತುಳಸಿದಳ’ವನ್ನಂತೂ ಏಪ್ರಿಲ್‌ಗೆ ಇಟ್ಟುಕೊಳ್ಳಿ. ಆ ರಾತ್ರಿಗೆ ಬೇಕಾದ್ದು ಎರಡು ಮೂರು ಪುಟದ ನಗೆಬರಹ, ಸಣ್ಣ ಕತೆ, ಅಥವಾ ಒಮ್ಮೆ ಓದಿ ಇಷ್ಟವಾದ ಪುಸ್ತಕದ ಅದೇ ಅಧ್ಯಾಯ. ಎರಡನೇ ಸಲ ಓದುವುದರಲ್ಲಿ ಒಂದು ಸುಖ ಇದೆ, ಮುಂದೇನಾಗುತ್ತದೆ ಎಂಬ ಗಾಬರಿ ಇರುವುದಿಲ್ಲ. ಗಾಬರಿ ನಮಗೆ ಬೇರೆ ಕಡೆ ಸಾಕಷ್ಟಿದೆ.

ಕಾಲೇಜು ಕೊಡದಿದ್ದರೆ ಊರಿನ ಸಾರ್ವಜನಿಕ ಗ್ರಂಥಾಲಯ ಇದೆಯಲ್ಲ ಎಂದು ಕೇಳಬಹುದು. ಇದೆ, ಹೋಗಿ. ನಮ್ಮ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಎಂದು ತೆರಿಗೆಯ ರೂಪಾಯಿಗೆ 6 ಪೈಸೆ ಕಟ್ಟುತ್ತೇವೆ. 1965ರ ಕಾಯಿದೆಯಿಂದ ಬಂದದ್ದು ಇದು. ಅಬ್ಬನ ಹತ್ತಿರ ರಸೀದಿ ಕೇಳಿ ನೋಡಿ. ದುಡ್ಡು ಕೊಟ್ಟ ಮೇಲೆ ಬಳಸದೇ ಇರುವುದು ಕಾಮರ್ಸಿನವರಿಗೆ ಶೋಭೆಯಲ್ಲ. ಆದರೆ ಹಳ್ಳಿಯಿಂದ ಬರುವವರಿಗೆ, ನಾಲ್ಕೂವರೆ ಬಸ್ ಹಿಡಿಯಬೇಕಾದ ಹುಡುಗಿಯರಿಗೆ, ಕ್ಲಾಸಿನಿಂದ ಇಪ್ಪತ್ತು ಹೆಜ್ಜೆ ದೂರದ ಬೀರುವೇ ಗ್ರಂಥಾಲಯ.

ಹಾಗಾಗಿ ನಮ್ಮ ಬೇಡಿಕೆ ಹೀಗಿದೆ. ಪಠ್ಯಪುಸ್ತಕ, ರೆಫರೆನ್ಸ್ ಎಲ್ಲ ವಾಪಸ್ ತೆಗೆದುಕೊಳ್ಳಿ, ನೋ ಡ್ಯೂ ಸಹಿಯನ್ನೂ ಆಗಲೇ ಹಾಕಿ. ಪುಸ್ತಕ ಕಳೆದರೆ ಹಾಲ್ ಟಿಕೆಟ್ ಕೊಡುವಾಗ ತೊಂದರೆಯಾಗುತ್ತದೆ ಎಂಬ ಕಚೇರಿಯವರ ಚಿಂತೆ ನಮಗೆ ಅರ್ಥವಾಗುತ್ತದೆ. ಅದರ ಬದಲು ನೂರು ರೂಪಾಯಿ ಡಿಪಾಸಿಟ್ ಇಟ್ಟುಕೊಂಡು, ಒಬ್ಬರಿಗೆ ಒಂದು ಸಲಕ್ಕೆ ಒಂದೇ ತೆಳ್ಳಗಿನ ಪುಸ್ತಕ ಕೊಡಿ. ಡಿಪಾಸಿಟ್ ಕಟ್ಟಲಾಗದವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲೇ ಕೂತು ಓದಲು ಬಿಡಿ. ರಂಜಾನಿನಲ್ಲಿ ಊಟದ ಬಿಡುವು ಹೇಗೂ ನಮ್ಮಲ್ಲಿ ಹಲವರಿಗೆ ಖಾಲಿಯೇ. ಒಂದು ಶೆಲ್ಫ್ ಉರ್ದುವಿಗೂ ಇರಲಿ. ದಾದಾ ಅವರ ಪೆಟ್ಟಿಗೆಯಲ್ಲಿ ಹನ್ನೊಂದು ಇಬ್ನೆ ಸಫಿ ಉಳಿದಿವೆ, ಅಂಚು ಗೆದ್ದಲು ತಿಂದಿದ್ದರೂ ಓದಲು ಬರುತ್ತವೆ. ಅಬ್ಬ ಕೊಡಲು ಒಪ್ಪಿದ್ದಾರೆ. ಉಪನ್ಯಾಸಕರೂ ಬೇಕಾದರೆ ತೆಗೆದುಕೊಂಡು ಹೋಗಲಿ, ಮೌಲ್ಯಮಾಪನಕ್ಕೆ ಹೋಗಿ ಬರುವಾಗ ಅವರ ಮುಖ ಹೇಗಿರುತ್ತದೆ ಎಂದು ನಾವೂ ನೋಡಿದ್ದೇವೆ.

ಲೈಬ್ರರಿ ಮೇಡಂ ಹತ್ತಿರ ಮಾತಾಡಿದ್ದೇವೆ. ಪ್ರಿನ್ಸಿಪಾಲ್ ಸರ್ ಒಪ್ಪಿದರೆ ಮಧ್ಯಾಹ್ನ ಬೀರು ತೆರೆಯಲು ತಮ್ಮದೇನೂ ತಕರಾರಿಲ್ಲ ಎಂದರು. ಮನವಿಪತ್ರ ಕಾಮರ್ಸ್ ಬಿ ಸೆಕ್ಷನ್ನಿನಲ್ಲಿದೆ. ಸಹಿ ಹಾಕುವವರು ಶುಕ್ರವಾರ ಜುಮಾ ಬಿಡುವಿನೊಳಗೆ ಬನ್ನಿ, ಮಧ್ಯಾಹ್ನದ ಮೇಲೆ ಅದನ್ನು ಆಫೀಸಿಗೆ ಕೊಡುತ್ತೇವೆ.