ಅನಾಥವಾದ ಆಂಪ್ಲಿಫೈಯರುಗಳಿಗೆ ಹೊಣೆ ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಭಜನೆಯ ಮೇಳವಿಲ್ಲದ ಗುಡಿಯಾಗಲಿ, ಮೊಹರಮ್ ಬಂದಾಗ ರಿವಾಯತ್ ಪದ ಕೇಳಿಸದ ಊರಾಗಲಿ ದೊರೆಯುವುದು ದುರ್ಲಭ. ಈ ಹಾಡಿನ ಬಾಳುವೆಯೊಳಗೆ ಕಳೆದ ನಾಲ್ಕೈದು ದಶಕಗಳಲ್ಲಿ ಆಂಪ್ಲಿಫೈಯರ್, ಸ್ಪೀಕರ್, ಟೇಪ್ ರೆಕಾರ್ಡರ್, ಕೀಬೋರ್ಡ್, ರಿದಮ್ ಪ್ಯಾಡ್ ಮೊದಲಾದ ವಿದ್ಯುನ್ಮಾನ ಉಪಕರಣಗಳು ಒಂದೊಂದಾಗಿ ಪ್ರವೇಶಿಸಿ, ಪೇಟಿ, ದಪ್ಪು, ತಾಳಗಳ ಮಗ್ಗುಲಲ್ಲಿ ತಮ್ಮ ಸ್ಥಾನವನ್ನು ಪಡೆದುಕೊಂಡುವು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿ ಹೊರತಂದ ಮೇಲೆ, ತಂಬೂರಿ ಮೀಟುವ ಜೊತೆಗಾರನಿಲ್ಲದ ಬಡ ಗಾಯಕನಿಗೂ ಶ್ರುತಿಯ ಆಧಾರ ಲಭಿಸುವಂತಾಯಿತು. ಇವು ನಮಗಾದ ಉಪಕಾರಗಳು, ಅಲ್ಲಗಳೆಯತಕ್ಕವಲ್ಲ. ಆದರೆ ದನಿ ಉಡುಗಿದ ಅನಂತರ ಈ ಯಂತ್ರಗಳಿಗೆ ಒದಗುವ ಗತಿಯನ್ನು ಕುರಿತು ನಾವು ವಿಚಾರಿಸಿದ್ದೇ ಕಡಿಮೆ. ದಪ್ಪಿನ ಚರ್ಮ ಹರಿದರೆ ಮಣ್ಣು ಸೇರುತ್ತದೆ, ಪೇಟಿಯ ಕಟ್ಟಿಗೆ ಮುರಿದರೆ ಒಲೆ ಸೇರುತ್ತದೆ. ಆಂಪ್ಲಿಫೈಯರನ್ನು ಮಣ್ಣೂ ಜೀರ್ಣಿಸಿಕೊಳ್ಳದು, ಬೆಂಕಿಯೂ ಶುದ್ಧಿಗೊಳಿಸದು.

ಗುಡಿಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಧೂಳು ತಿಂದು, ಕಡೆಗೊಂದು ದಿನ ಸುಣ್ಣ ಬಳಿಯುವ ವೇಳೆಗೆ ಕಿಲೋ ಲೆಕ್ಕದಲ್ಲಿ ಗುಜರಿಯವನ ಗಾಡಿಯನ್ನೇರುವ ಅಂತಹ ಒಂದು ಆಂಪ್ಲಿಫೈಯರಿನ ತಗಡಿನ ಕವಚವನ್ನು ಬಿಚ್ಚಿ ನೋಡಿದರೆ, ಒಂದು ಪಕ್ಕಕ್ಕೆ ತಾಮ್ರದ ತಂತಿ ಸುತ್ತಿದ ಭಾರವಾದ ಟ್ರಾನ್ಸ್‌ಫಾರ್ಮರ್, ಹಿಂಬದಿಗೆ ಅಲ್ಯೂಮಿನಿಯಮ್ ಪಟ್ಟಿಯ ಮೇಲೆ ಸ್ಕ್ರೂ ಬಿಗಿದು ಕೂರಿಸಿದ 2ಎನ್3055 ಟ್ರಾನ್ಸಿಸ್ಟರುಗಳು, ನಡುವೆ ತಲೆ ಉಬ್ಬಿದ ಕೆಪಾಸಿಟರುಗಳು, ಅವೆಲ್ಲವನ್ನೂ ಹಿಡಿದಿಟ್ಟಿರುವ ಬೆಸುಗೆಯ ಚುಕ್ಕೆಗಳು ಕಾಣುತ್ತವೆ. ಹಳೆಯ ಬೆಸುಗೆಯಲ್ಲಿ ನೂರಕ್ಕೆ ಸುಮಾರು 40 ಪಾಲು ಸೀಸವಿರುತ್ತದೆ. ಗುಜರಿಯವನಿಗೆ ಬೇಕಾದುದು ತಾಮ್ರ ಮತ್ತು ಅಲ್ಯೂಮಿನಿಯಮ್ ಮಾತ್ರ. ಬೆಸುಗೆಯ ಹಲಗೆ ತಿಪ್ಪೆಗೆ ಬೀಳುತ್ತದೆ, ತಂತಿಯ ಮೇಲಿನ ಪಿವಿಸಿ ಹೊದಿಕೆ ಬಯಲಿನಲ್ಲಿ ಸುಡಲ್ಪಡುತ್ತದೆ. ಆ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಡಯಾಕ್ಸಿನ್ ಎಂಬ ಘೋರ ವಿಷವೂ ಸೇರಿರುತ್ತವೆ. ಬಿಸಿಯಾದ ತಾಮ್ರವೇ ಡಯಾಕ್ಸಿನ್ನಿನ ಉತ್ಪತ್ತಿಗೆ ಪ್ರೇರಕವಾಗುತ್ತದೆ. ನಮ್ಮ ಎರೆಮಣ್ಣಿನ ಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ಜೇಡಿ ಹೆಚ್ಚಾಗಿ, ಸುಣ್ಣದ ಅಂಶದಿಂದ ಕ್ಷಾರಗುಣವನ್ನು ಪಡೆದ ಈ ಮಣ್ಣು ಸೀಸವನ್ನು ಆಳಕ್ಕೆ ಇಳಿಯಗೊಡದೆ ಮೇಲ್ಪದರದಲ್ಲಿಯೇ ಹಿಡಿದಿಟ್ಟುಕೊಳ್ಳುವುದರಿಂದ, ಮಳೆ ಬಂದು ತೊಳೆದೀತೆಂಬ ಭರವಸೆಗೆ ಆಸ್ಪದವಿಲ್ಲ. ಮಕ್ಕಳು ಆಡುವುದು ಆ ಮೇಲ್ಪದರದ ಮೇಲೆಯೇ, ಮತ್ತು ಸೀಸ ಮೊದಲು ಬಾಧಿಸುವುದು ಬೆಳೆಯುತ್ತಿರುವ ಮಿದುಳನ್ನು.

ಇದರಲ್ಲಿ ಗುಜರಿಯವನನ್ನು ದೂಷಿಸುವುದು ನ್ಯಾಯವಲ್ಲ. ಊರು ಕಣ್ಣೆತ್ತಿ ನೋಡದ ವಸ್ತುವಿಗೆ ಬೆಲೆ ಕೊಟ್ಟು ಒಯ್ಯುವವನು ಅವನೊಬ್ಬನೇ. ಆ ಹೊಗೆಯನ್ನು ಮೊದಲು ಕುಡಿಯುವವನೂ ಅವನೇ.

ಹಾಗಾದರೆ ಹೊಣೆ ಯಾರದು? 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ರೇಡಿಯೋ, ಆಂಪ್ಲಿಫೈಯರ್ ಮತ್ತು ಧ್ವನಿಮುದ್ರಣದ ಉಪಕರಣಗಳನ್ನು ತಮ್ಮ ವ್ಯಾಪ್ತಿಗೆ ತಂದುಕೊಂಡು, ಅವನ್ನು ತಯಾರಿಸಿದ ಕಂಪನಿಯೇ ಅವುಗಳ ಅಂತ್ಯಕ್ಕೂ ಬಾಧ್ಯವೆಂದು ವಿಧಿಸಿವೆ. ಆದರೆ ನಮ್ಮ ಹಳ್ಳಿಗಳ ಎಷ್ಟೋ ಆಂಪ್ಲಿಫೈಯರುಗಳಿಗೆ ಕಂಪನಿಯೇ ಇಲ್ಲ. ವಿಜಯಪುರದಲ್ಲೋ ಸೊಲ್ಲಾಪುರದಲ್ಲೋ ಬಿಡಿಭಾಗಗಳನ್ನು ಕೊಂಡು, ಊರ ಮೆಕ್ಯಾನಿಕ್ಕನು ತನ್ನ ಕೈಯಿಂದ ಜೋಡಿಸಿಕೊಟ್ಟ ಯಂತ್ರಗಳವು. ಅವುಗಳ ಮೇಲೆ ಹೆಸರಿಲ್ಲ, ಹಿಂದೆ ಕಾರ್ಖಾನೆಯಿಲ್ಲ. ಇಂತಹ ಅನಾಥ ಉತ್ಪನ್ನಗಳನ್ನು ಸಂಗ್ರಹಿಸಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಕರ್ತವ್ಯವನ್ನು ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ನಮ್ಮ ನಾಲ್ಕೂ ಪಟ್ಟಣಗಳ ಆಡಳಿತಗಳು ಈ ಕರ್ತವ್ಯವನ್ನು ಪ್ರಧಾನವೆಂದು ಭಾವಿಸಬೇಕೆಂಬುದೇ ನನ್ನ ಪ್ರಾರ್ಥನೆ. ಇದು ನಮ್ಮ ಸೀಮೆಯೊಂದರ ಸಮಸ್ಯೆಯಲ್ಲ: 2022ರಲ್ಲಿ ಜಗತ್ತಿನಲ್ಲಿ ಉತ್ಪನ್ನವಾದ ಇ-ತ್ಯಾಜ್ಯ 6.2 ಕೋಟಿ ಟನ್ನು. ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದುದೆಂದು ದಾಖಲೆಯಾದದ್ದು ಅದರ ಕಾಲುಭಾಗಕ್ಕಿಂತ ಕಡಿಮೆ.

ಗುಜರಿಗಿಂತ ಮೊದಲು ರಿಪೇರಿಯವನ ಬಾಗಿಲು ತಟ್ಟಬೇಕೆಂಬುದನ್ನೂ ಹೇಳಲೇಬೇಕು. ಸ್ಪೀಕರಿನ ಕಾಗದದ ಕೋನು ಹರಿದರೆ, ಕಾಯಿಲು ಸುಟ್ಟರೆ ಬದಲಿಸಬಹುದು. ಕಬ್ಬಿಣದ ಚೌಕಟ್ಟೂ ಅಯಸ್ಕಾಂತವೂ ಇನ್ನೊಂದು ತಲೆಮಾರಿಗೆ ಬಾಳುತ್ತವೆ. ಒಂದು ಊರಿಗೆ ಚಿಕ್ಕದಾದ ಕೀಬೋರ್ಡು ಇನ್ನೊಂದು ಊರಿನ ಶಾಲೆಗೆ ದೊಡ್ಡದೇ.

ಟೇಪ್ ರೆಕಾರ್ಡರಿನ ವಿಷಯದಲ್ಲಿ ಮಾತ್ರ ನನಗೆ ತೀವ್ರವಾದ ಆತಂಕವಿದೆ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಯಾವ ಯಂತ್ರದ ನೆರವೂ ಇಲ್ಲದೆ, ಹೆಣ್ಣುಮಕ್ಕಳು ಬೀಸುವಾಗ ಹಾಡಿದುದನ್ನು ಕಿವಿಯಿಂದ ಕೇಳಿ, ಕೈಯಿಂದ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ನಾಡಿಗೆ ಕೊಟ್ಟರು. ಅವರ ಅನಂತರದ ಪೀಳಿಗೆಗೆ ಕ್ಯಾಸೆಟ್ಟು ಲಭಿಸಿತು. ಗೀಗೀ ಮೇಳದ ಸವಾಲು ಜವಾಬುಗಳನ್ನು, ಅಜ್ಜಿಯರ ಸೋಬಾನೆಯನ್ನು, ಮೊಹರಮ್ಮಿನ ರಾತ್ರಿಯ ಪದಗಳನ್ನು ಯಾರ್ಯಾರೋ ಮುದ್ರಿಸಿಕೊಂಡ ಕ್ಯಾಸೆಟ್ಟುಗಳು ಇಂದಿಗೂ ಮಾಡಗಳಲ್ಲಿ, ಟ್ರಂಕುಗಳಲ್ಲಿ ಬಿದ್ದಿವೆ. ಅವನ್ನು ನುಡಿಸಬಲ್ಲ ಕಡೆಯ ಟೇಪ್ ರೆಕಾರ್ಡರು ಊರು ಬಿಟ್ಟು ಹೋದ ದಿನ ಆ ಕಂಠಗಳೂ ಮೂಕವಾಗುತ್ತವೆ. ಆದುದರಿಂದ ತಾಲೂಕಿಗೆ ಒಂದೆರಡಾದರೂ ರೆಕಾರ್ಡರುಗಳನ್ನು, ಕೆಟ್ಟವುಗಳ ಬೆಲ್ಟು, ಮೋಟಾರು, ಹೆಡ್ಡುಗಳನ್ನು ಒಳ್ಳೆಯವುಗಳಿಗೆ ಅಳವಡಿಸಿಯಾದರೂ ಸರಿಯೇ, ಸುಸ್ಥಿತಿಯಲ್ಲಿಟ್ಟು, ಕ್ಯಾಸೆಟ್ಟುಗಳನ್ನೆಲ್ಲ ಡಿಜಿಟಲ್ ರೂಪಕ್ಕೆ ಇಳಿಸಿಕೊಂಡ ಮೇಲೆಯೇ ಯಂತ್ರಗಳನ್ನು ಬೀಳ್ಕೊಡತಕ್ಕದ್ದು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೊಡನೆ ಈ ಕೆಲಸಕ್ಕೆ ಕೈಹಾಕಿದರೆ ಅದು ಹಲಸಂಗಿಯ ಗೆಳೆಯರಿಗೆ ಸಲ್ಲಿಸುವ ಯೋಗ್ಯ ಗೌರವವಾದೀತು.

ರಿಪೇರಿಯೂ ಆಗದೆ ಉಳಿದುದನ್ನು ಒಯ್ಯುವ ದಾರಿ ದೂರದ್ದು, ನಿಜ. 2005ರಲ್ಲಿ ಆರಂಭವಾದ, ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವಾದ ಇ-ಪರಿಸರ ಇರುವುದು ಬೆಂಗಳೂರಿನ ಸಮೀಪದ ಡಾಬಸ್‌ಪೇಟೆಯಲ್ಲಿ. ಭೀಮೆಯ ದಂಡೆಯಿಂದ ನಾಲ್ಕು ಆಂಪ್ಲಿಫೈಯರುಗಳನ್ನು ಅಲ್ಲಿಗೆ ಕಳಿಸಲು ಯಾವ ಭಜನಾ ಮಂಡಳಿಗೂ ಶಕ್ತಿಯಿಲ್ಲ. ಒಂದು ಲಾರಿ ತುಂಬುವಷ್ಟು ಕೂಡಿಸಿದರೆ ಮಾತ್ರ ಸಾಗಣೆಯ ಖರ್ಚು ಹುಟ್ಟೀತು, ಮತ್ತು ಕೂಡಿಸುವುದು ಪಟ್ಟಣಾಡಳಿತದಿಂದ ಆಗಬಹುದಾದ ಕೆಲಸ. ಹಣದ ಮೂಲವೂ ಇಲ್ಲದಿಲ್ಲ: ಮರುಬಳಕೆದಾರರು ಪಡೆಯುವ ಪ್ರಮಾಣಪತ್ರಗಳನ್ನು ಕೊಂಡು ಉತ್ಪಾದಕರು ತಮ್ಮ ಗುರಿಯನ್ನು ಪೂರೈಸಬೇಕಾದ ವ್ಯವಸ್ಥೆಯನ್ನು ಅದೇ ನಿಯಮಗಳು ಮಾಡಿವೆ. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆಗೆ ಸುತ್ತಣ ಹಳ್ಳಿಗಳ ಜನ ಸೇರುವಾಗ, ಪಟ್ಟಣಾಡಳಿತವು ಅಲ್ಲೊಂದು ಕೋಣೆಯನ್ನು ತೆರೆದು, ತಕ್ಕಡಿಯನ್ನಿಟ್ಟು, ಗುಜರಿಯ ದರಕ್ಕಿಂತ ಒಂದು ರೂಪಾಯಿಯನ್ನಾದರೂ ಹೆಚ್ಚಿಗೆ ಕೊಟ್ಟು ಹಳೆಯ ಉಪಕರಣಗಳನ್ನು ಕೊಳ್ಳಲಿ. ಬಿಚ್ಚಿ ವಿಂಗಡಿಸುವ ಕೆಲಸಕ್ಕೆ ತರಬೇತಿ ಕೊಟ್ಟು, ಕೈಗವಸು ಕೊಟ್ಟು, ಆ ಗುಜರಿಯವರನ್ನೇ ಸಂಬಳಕ್ಕೆ ನೇಮಿಸಿಕೊಳ್ಳಲಿ.