ಹಬೆ ಹಿಡಿಯುವ ಹವ್ಯಾಸ

ಪರೀಕ್ಷೆ ಮುಗಿದ ಮರುದಿನವೇ ಮಗನೋ ಮಗಳೋ ಕ್ಯಾಮೆರಾ ಬೇಕೆಂದು ಹಟ ಹಿಡಿದರೆ ಹೆತ್ತವರ ಮುಖ ಗಂಟಾಗುವುದು ಸಹಜ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೊಡಿಸಿದರೆ ಓದು ಕೆಟ್ಟೀತೆಂಬ ಭಯ ಬೇರೆ. ಮೊದಲನೆಯ ಚಿಂತೆಗೆ ಈಗ ಅರ್ಥವಿಲ್ಲ. ಮನೆಯಲ್ಲಿರುವ ಮೊಬೈಲ್ ಫೋನೇ ಕಲಿಕೆಗೆ ಧಾರಾಳವಾಗಿ ಸಾಕು. ಎರಡನೆಯದೂ ಬಹುಮಟ್ಟಿಗೆ ಆಧಾರವಿಲ್ಲದ ಭಯವೇ. ಶಾಲೆಯಲ್ಲಿ ಓದಿದ ಬೆಳಕಿನ ಪಾಠವನ್ನು ಬೀದಿಗೆ ಒಯ್ಯುವುದೇ ಛಾಯಾಗ್ರಹಣ. ಹೆತ್ತವರು ನಿಜವಾಗಿ ಚಿಂತಿಸಬೇಕಾದದ್ದು ಬೇರೊಂದಕ್ಕೆ. ಕ್ಯಾಮೆರಾದ ಎದುರಿಗೆ ನಿಲ್ಲುವವರು ಮನುಷ್ಯರೆಂಬುದನ್ನು ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ?

ಶ್ರೀರಂಗಪಟ್ಟಣಕ್ಕೆ ಕೂಗಳತೆಯಲ್ಲಿರುವ ಮೈಸೂರಿನ ಟಿ.ಎಸ್. ಸತ್ಯನ್ (1923-2009) ವಿದ್ಯಾರ್ಥಿದೆಸೆಯಲ್ಲೇ ಈ ಹವ್ಯಾಸಕ್ಕೆ ಬಿದ್ದವರು. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು, 1948ರಲ್ಲಿ ಪತ್ರಿಕಾ ಛಾಯಾಗ್ರಾಹಕರಾದರು, 1977ರಲ್ಲಿ ಪದ್ಮಶ್ರೀ ಪಡೆದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿ ವಿಶೇಷ ವೇಷಭೂಷಣವಾಗಲಿ ಅದ್ಧೂರಿ ದೃಶ್ಯವಾಗಲಿ ಇಲ್ಲ. ದಿನನಿತ್ಯದ ಸಾಮಾನ್ಯ ಜನರೇ ಅವುಗಳ ಬಂಡವಾಳ. ಅಂಥ ಬಂಡವಾಳಕ್ಕೆ ಮಂಡ್ಯ ಜಿಲ್ಲೆಯಲ್ಲೇನು ಕೊರತೆ?

ಕೆ.ಆರ್. ಪೇಟೆಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಈ ಹವ್ಯಾಸ ಹಿಡಿದಳೆನ್ನಿ. ಅವಳು ಶುರು ಮಾಡಬೇಕಾದದ್ದು ಅಡುಗೆಮನೆಯಿಂದ. ಅನ್ನ ಸಾರುಗಳು ಕುಳಿತ ಕಡೆಯೇ ಕುಳಿತಿರುತ್ತವೆ, ಬೇಡವೆನ್ನುವುದಿಲ್ಲ. ಅಮ್ಮ ಆಗತಾನೆ ಕಟ್ಟಿಟ್ಟ ಬಿಸಿ ಮುದ್ದೆಯಿಂದ ಹಬೆ ಏಳುತ್ತಿದೆ. ಹುಡುಗಿ ಕಿಟಕಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆಯುತ್ತಾಳೆ. ಮುದ್ದೆ ಬಂದಿದೆ, ಹಬೆ ಮಾತ್ರ ಮಾಯ!

ಕಾರಣ ಸರಳವಾಗಿದೆ. ನೀರಾವಿ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಮೇಲೆದ್ದು ತಣ್ಣನೆಯ ಗಾಳಿ ಸೋಕಿ ಮತ್ತೆ ಅತಿ ಸಣ್ಣ ನೀರಹನಿಗಳಾದಾಗ ಆ ಹನಿಗಳ ಗುಂಪನ್ನೇ ಹಬೆ ಎನ್ನುವುದು. ಈ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕಳಿಸುವುದಿಲ್ಲ, ಮುಂದಕ್ಕೆ ಚದುರಿಸುತ್ತವೆ. ಹಾಗಾಗಿ ಬೆಳಕು ಹಬೆಯ ಹಿಂದಿನಿಂದ ಬರಬೇಕು, ಕ್ಯಾಮೆರಾ ಎದುರಿಗಿರಬೇಕು. ಕಿಟಕಿಯ ಪಕ್ಕದ ಕತ್ತಲು ಮೂಲೆಯೋ ಮಸಿ ಹಿಡಿದ ಗೋಡೆಯೋ ಹಿನ್ನೆಲೆಯಾಗಿ ಸಿಕ್ಕಿದರೆ ಎಳೆ ಎಳೆಯಾಗಿ ಹಬೆ ಎದ್ದು ಕಾಣುತ್ತದೆ. ಹುಡುಗಿ ತಟ್ಟೆಯನ್ನು ಸುತ್ತಿ ಬಂದು ಆಚೆ ಬದಿಗೆ ನಿಂತರಾಯಿತು. ಹೊಸ ಕ್ಯಾಮೆರಾದಿಂದ ಆಗದ ಕೆಲಸ ನಾಲ್ಕು ಹೆಜ್ಜೆಯಿಂದ ಆಗುತ್ತದೆ.

ಅದೇ ತಟ್ಟೆಯಲ್ಲಿ ಇನ್ನೊಂದು ಪಾಠವೂ ಇದೆ. ಕ್ಯಾಮೆರಾದ ಬೆಳಕಿನ ಮಾಪಕ ತನ್ನೆದುರಿನ ದೃಶ್ಯವೆಲ್ಲ ಸರಾಸರಿ ನಡುಬೂದು ಬಣ್ಣದ್ದೆಂದು ಊಹಿಸಿಕೊಂಡು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಳಿ ಅನ್ನವೇ ಇದ್ದರೆ ಅದನ್ನು ಮಂಕು ಮಾಡುತ್ತದೆ, ಕಂದು ಮುದ್ದೆಯೇ ತುಂಬಿಕೊಂಡಿದ್ದರೆ ಪೇಲವ ಮಾಡುತ್ತದೆ. ಈಗಿನ ಫೋನುಗಳು ಒಂದಿಷ್ಟು ತಿದ್ದಿಕೊಳ್ಳುತ್ತವಾದರೂ ಯಂತ್ರದ ಊಹೆಯನ್ನು ಪೂರ್ತಿ ನಂಬಬಾರದು. ಅನ್ನಕ್ಕೆ ಬೆಳಕು ತುಸು ಹೆಚ್ಚಿಸಬೇಕು, ಮುದ್ದೆಗೆ ತುಸು ಇಳಿಸಬೇಕು.

ಅಡುಗೆಮನೆಯ ಹಬೆ ಕೈಗೆ ಬಂದ ಮೇಲೆ ಪಾಂಡವಪುರದ ಕಡೆಯ ಆಲೆಮನೆಗೆ ಹೋಗಬಹುದು. ಕುದಿಯುವ ಕೊಪ್ಪರಿಗೆಯಿಂದ ಏಳುವ ಹಬೆಯೊಳಗೆ ಬೆಳಗಿನ ಬಿಸಿಲು ಕೋಲುಕೋಲಾಗಿ ಇಳಿಯುವ ನೋಟಕ್ಕೆ ಯಾವ ಸ್ಟುಡಿಯೋ ಸಮ? ಆದರೆ ಇಲ್ಲಿ ಎದುರಿಗಿರುವುದು ತಟ್ಟೆಯಲ್ಲ, ಇಡೀ ದಿನ ಬೆಂಕಿಯ ಮುಂದೆ ಬೆವರುವ ಆಳು. ಮೊದಲು ಕ್ಯಾಮೆರಾ ಚೀಲದಲ್ಲೇ ಇರಲಿ. "ಅಣ್ಣಾ, ಒಂದು ಫೋಟೊ ತಕ್ಕೊಳ್ಳಲಾ?" ಎಂದು ಕೇಳಿದರೆ "ತಕ್ಕೊ ಮಗ, ಪೇಪರಲ್ಲಿ ಬತ್ತದಾ?" ಎಂಬ ನಗೆ ಸಿಕ್ಕೀತು, ಜೊತೆಗೊಂದು ಬಿಸಿ ಬೆಲ್ಲದ ತುಂಡೂ ಸಿಕ್ಕೀತು. "ಬ್ಯಾಡ ಕಣವ್ವ" ಎಂದರೆ ಅಲ್ಲಿಗೆ ಮುಗಿಯಿತು, ಕದ್ದು ತೆಗೆಯುವಂತಿಲ್ಲ. ಇನ್ನೊಂದು ಎಚ್ಚರಿಕೆ: ತೆರೆ ನೋಡುತ್ತಾ ಹಿಂದೆ ಹಿಂದೆ ಸರಿಯುವುದು ಫೋಟೊ ತೆಗೆಯುವವರ ಚಾಳಿ. ಕುದಿಯುವ ಪಾಕದ ಬಳಿ, ಕಾವೇರಿ ದಡದ ಕಲ್ಲುಗಳ ಮೇಲೆ ಆ ಚಾಳಿ ಪ್ರಾಣಕ್ಕೇ ಕುತ್ತು ತಂದೀತು.

ಕಲ್ಲಿಗೂ ಹೊತ್ತು ಗೊತ್ತು ಎಂಬುದುಂಟು. ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೆಯ ಶತಮಾನದ ಹೊಯ್ಸಳ ಕೃತಿ. ಬಿಸಿಲು ಗೋಡೆಗೆ ನೇರವಾಗಿ ಬಡಿದರೆ ಆನೆ ಕುದುರೆಗಳ ಸಾಲು ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಓರೆಯಾಗಿ ಸವರಿಕೊಂಡು ಹೋದರೆ ಪ್ರತಿ ಉಬ್ಬಿಗೂ ಒಂದು ನೆರಳು ಹುಟ್ಟಿ ಕಲ್ಲು ಜೀವ ತಳೆಯುತ್ತದೆ. ಗೋಡೆ ಹಲವು ಮೂಲೆಗಳಾಗಿ ಮುರಿದುಕೊಂಡಿರುವುದರಿಂದ ಬೆಳಗಾಗಲಿ ಸಂಜೆಯಾಗಲಿ ಯಾವುದಾದರೊಂದು ಮುಖಕ್ಕೆ ಓರೆ ಬಿಸಿಲು ಸಿಗುತ್ತದೆ. ಹುಡುಗಿ ಒಂದೇ ಶಿಲ್ಪವನ್ನು ದಿನದ ಮೂರು ಹೊತ್ತಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಲಿ.

ನಾಗಮಂಗಲದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಪಂಚಲೋಹದ ವಿಗ್ರಹಗಳನ್ನು ಎರಕ ಹೊಯ್ಯುವ ಕುಶಲಕರ್ಮಿಗಳಿದ್ದಾರೆ. ಕತ್ತಲು ಕೋಣೆ, ನಡುವೆ ಧಗಧಗಿಸುವ ಲೋಹ. ಕಣ್ಣು ಎರಡನ್ನೂ ಹಿಡಿಯುತ್ತದೆ, ಕ್ಯಾಮೆರಾಕ್ಕೆ ಅದು ಸಾಧ್ಯವಿಲ್ಲ. ಲೋಹ ಸರಿಯಾಗಿ ಬರುವಂತೆ ಬೆಳಕು ಇಳಿಸಿ, ಕೋಣೆಯನ್ನು ಕತ್ತಲಿಗೆ ಬಿಟ್ಟುಬಿಡುವುದೇ ಜಾಣತನ. ಲೋಹದ ಹೊಳಪು ಮುಟ್ಟಿದಷ್ಟು ಮುಖಗಳು ತಾವಾಗಿ ಮೂಡುತ್ತವೆ.

ಜಾತ್ರೆ ಉತ್ಸವಗಳ ಪರೀಕ್ಷೆ ಎಲ್ಲಕ್ಕಿಂತ ಕಠಿಣ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿಯನ್ನೇ ತೆಗೆದುಕೊಳ್ಳಿ. ಮಂಡ್ಯದ ಖಜಾನೆಯಿಂದ ಬರುವ ಕಿರೀಟಕ್ಕೆ ಹಗಲ ಬೆಳಕು ಸೋಕಬಾರದೆಂಬುದು ಸಂಪ್ರದಾಯ, ಉತ್ಸವ ನಡೆಯುವುದು ರಾತ್ರಿ. ಸಾವಿರಾರು ಜನರ ನಡುವಿನಿಂದ ಫ್ಲ್ಯಾಷ್‌ಗಳು ಮಿಂಚುತ್ತಲೇ ಇರುತ್ತವೆ. ಅವುಗಳಿಂದ ಏನೂ ಪ್ರಯೋಜನವಿಲ್ಲ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಒಂದು ಮೀಟರಿನಲ್ಲಿ ಬಿದ್ದ ಬೆಳಕು ಹತ್ತು ಮೀಟರಿನಲ್ಲಿ ನೂರರಲ್ಲೊಂದು ಪಾಲು! ಮುಂದೆ ನಿಂತವರ ತಲೆಗೂದಲು ಬೆಳಗುತ್ತದೆ, ದೇವರು ಕತ್ತಲಲ್ಲೇ ಉಳಿಯುತ್ತಾನೆ. ಫ್ಲ್ಯಾಷ್ ಆರಿಸಿ, ಕಂಬಕ್ಕೋ ಗೋಡೆಗೋ ಒರಗಿ ಉಸಿರು ಹಿಡಿದು, ಮೆರವಣಿಗೆ ನಿಂತು ಆರತಿ ಎತ್ತುವ ಗಳಿಗೆಗೆ ಕಾಯಬೇಕು. ಷಟರ್ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೂ ಆಗ ಚಿತ್ರ ಅಲುಗುವ ಸಂಭವ ಕಡಿಮೆ. ಇನ್ನೂ ಒಳ್ಳೆಯ ಉಪಾಯವೆಂದರೆ ದೇವರಿಗೆ ಬೆನ್ನು ತಿರುಗಿಸಿ ನಿಲ್ಲುವುದು. ಕೈಮುಗಿದ ಅಜ್ಜಿಯ ಮುಖದ ಮೇಲೆ ಬಿದ್ದ ದೀಪದ ಬೆಳಕಿನಲ್ಲಿ ಇಡೀ ಉತ್ಸವವಿರುತ್ತದೆ. ಅಪಚಾರವೆಂದು ಯಾರಾದರೂ ಗದರಿದರೆ ಸುಮ್ಮನೆ ಮುಂದೆ ತಿರುಗಿಬಿಡುವುದು ಲೇಸು!

ಕ್ಯಾಮೆರಾ ಕೆಳಗಿಳಿಸಬೇಕಾದ ಜಾಗಗಳೂ ಇವೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಯ ಮೇಲೆ ಬೀಳುವ ಬೆಳಗಿನ ಬಿಸಿಲು ಎಂಥವರನ್ನೂ ಮರುಳು ಮಾಡುತ್ತದೆ. ಅಲ್ಲೇ ತಲೆ ಬೋಳಿಸಿಕೊಂಡ ಮಗನೊಬ್ಬ ತಂದೆಯ ಅಸ್ಥಿ ಬಿಡುತ್ತಿರುತ್ತಾನೆ. ಬೆಳಕು, ನೀರು, ಭಾವ ಎಲ್ಲವೂ ಕೂಡಿ ಬಹುಮಾನ ಗಿಟ್ಟಿಸುವಂಥ ಚಿತ್ರವೇ ಸರಿ. ಆದರೂ ಅದನ್ನು ತೆಗೆಯಕೂಡದು. ಆ ಹೊತ್ತಿನಲ್ಲಿ ಅವನನ್ನು ಅನುಮತಿ ಕೇಳುವುದೂ ತಪ್ಪೇ. ಈ ಮಾತನ್ನು ಕ್ಯಾಮೆರಾದ ಕಂಪೆನಿಯವರು ಹೇಳಿಕೊಡುವುದಿಲ್ಲ, ಮನೆಯವರೇ ಹೇಳಬೇಕು.

ಕೊನೆಯದಾಗಿ ಲೆಕ್ಕದ ಮಾತು. ಹಿಂದೆ ಒಂದು ಫಿಲಂ ರೋಲಿನಲ್ಲಿ 36 ಚಿತ್ರಗಳು. ಪ್ರತಿ ಕ್ಲಿಕ್ಕಿಗೂ ಕಾಸು ಬೀಳುತ್ತಿದ್ದುದರಿಂದ ಯೋಚಿಸಿ ಒತ್ತುತ್ತಿದ್ದರು. ಈಗ ಒಂದೇ ಮದುವೆಯಲ್ಲಿ ಸಾವಿರ ಚಿತ್ರ ತೆಗೆದು ಒಂದನ್ನೂ ತಿರುಗಿ ನೋಡದವರಿದ್ದಾರೆ. ಹುಡುಗಿಗೆ ವಾರಕ್ಕೆ 36ರ ಮಿತಿ ಹಾಕಿದರೆ ಓದಿಗೂ ಹೊತ್ತು ಉಳಿಯುತ್ತದೆ, ಕಣ್ಣೂ ಚುರುಕಾಗುತ್ತದೆ. ಅವುಗಳಲ್ಲಿ ಚೆನ್ನಾಗಿ ಬಂದ ಒಂದನ್ನು ಪೋಸ್ಟ್ ಕಾರ್ಡ್ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಊರು, ದಿನಾಂಕ ಬರೆದು, ಆಲೆಮನೆಯ ಅಣ್ಣನ ಕೈಗೆ ತಲುಪಿಸಬೇಕು. ಕಬ್ಬು ಅರೆಯುವ ಕೆಲಸ ಮುಗಿದು ಆಲೆಮನೆಗೆ ಬೀಗ ಬೀಳುವ ಮುಂಚೆಯೇ ಹೋದರೆ ಒಳ್ಳೆಯದು.