ಹತ್ತೇ ಹಲ್ಲು, ಅತ್ತೇ ಅಲ್ಲು

ಮೈಸೂರಿನ ನಮ್ಮ ಹಾಸ್ಟೆಲ್‌ನಲ್ಲಿ ಕರೆಂಟ್ ಹೋದರೆ ಹಬ್ಬ. ವೈಫೈ ಇಲ್ಲ, ಓದೂ ಇಲ್ಲ. ಎಲ್ಲರೂ ಒಂದೇ ರೂಮಿಗೆ ಬಂದು ಸೇರುತ್ತೇವೆ. ಅಂಥದ್ದೊಂದು ರಾತ್ರಿ ನಾಲಿಗೆ ತೊಡರಿಸುವ ಆಟ ಶುರುವಾಯಿತು. ‘ತರೀಕೆರೆ ಏರಿ ಮೇಲೆ ಮೂರು ಕರೀ ಕುರಿಮರಿ’ಯನ್ನು ಎಲ್ಲರೂ ಐದೈದು ಸಲ ಹೇಳಿ ಗೆದ್ದರು. ಆಗ ನಾನು ಜಾಣತನ ತೋರಿಸಲು ಸ್ವಂತದ್ದೊಂದು ಸಾಲು ಕಟ್ಟಿದೆ: ‘ಹಳ್ಳಿಯ ಹಳೇ ಹಲ್ಲಿಗೆ ಹತ್ತೇ ಹಲ್ಲು’.

ಸರದಿ ಗುಂಡ್ಲುಪೇಟೆ ಕಡೆಯ ಗೆಳೆಯನಿಗೆ ಬಂತು. ಅವನು ಗಂಭೀರವಾಗಿಯೇ ಹೇಳಿದ: ‘ಅಳ್ಳಿಯ ಅಳೇ ಅಲ್ಲಿಗೆ ಅತ್ತೇ ಅಲ್ಲು’. ‘ಯಾರ ಅತ್ತೆ ಮಗಾ?’ ಎಂದು ಯಾರೋ ಕೂಗಿದರು. ರೂಮಿಗೆ ರೂಮೇ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಮರುದಿನದಿಂದ ಅವನ ಹೆಸರೇ ‘ಅತ್ತೆ’ ಆಯಿತು.

ಎರಡು ವಾರದ ನಂತರ ಕಾಲೇಜಿನಲ್ಲಿ ಅಣಕು ಸಂದರ್ಶನ ನಡೆಯಿತು. ಭಯ ಹೋಗಲೆಂದು ಮೊದಲು ಕನ್ನಡದಲ್ಲೇ ನಿಮ್ಮ ಬಗ್ಗೆ ಹೇಳಿ ಎಂದರು. ತರಗತಿಯಲ್ಲಿ ಒಳ್ಳೆಯ ಅಂಕ ತೆಗೆಯುವ ಅವನು ಹೆಸರು, ಊರು ಹೇಳಿ ನಿಂತುಬಿಟ್ಟ. ಆಚೆ ಬಂದು, ‘ಬಾಯಿ ಬಿಟ್ರೆ ಎಲ್ಲಾ ನಗ್ತಾರೆ ಅನ್ಸುತ್ತೆ ಕಣೋ’ ಎಂದ. ಆ ಸಾಲು ಕಟ್ಟಿದವನು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ಅವನು ತಪ್ಪೇ ಮಾಡಿರಲಿಲ್ಲ ಎಂದು ತಿಳಿದದ್ದು ಕನ್ನಡ ತರಗತಿಯಲ್ಲಿ. ಇಂದಿನ ‘ಹಳ್ಳಿ’ ಹಳಗನ್ನಡದಲ್ಲಿ ‘ಪಳ್ಳಿ’, ‘ಹತ್ತು’ ಅಂದರೆ ‘ಪತ್ತು’, ‘ಹಲ್ಲು’ ಅಂದರೆ ‘ಪಲ್’. ನನ್ನ ಸಾಲಿನ ಅಷ್ಟೂ ‘ಹ’ಗಳು ಒಂದು ಕಾಲಕ್ಕೆ ‘ಪ’ ಆಗಿದ್ದವು! ‘ಪ’ ಸವೆದು ‘ಹ’ ಆಯಿತು. ಹಳೇ ಮೈಸೂರಿನ ಹಲವು ಕಡೆ ಆಡುಮಾತಿನಲ್ಲಿ ಆ ‘ಹ’ ಕೂಡ ಬಿದ್ದುಹೋಯಿತು. ಹಳಗನ್ನಡದ ಕವಿಗಳು ಬಂದು ನಮ್ಮ ‘ಹಳ್ಳಿ’ ಕೇಳಿದ್ದರೆ ಅವರೂ ನಕ್ಕಾರು.

ಅಂದು ಸಂಜೆಯೇ ಅವನ ಹತ್ತಿರ ಕ್ಷಮೆ ಕೇಳಿದೆ. ಆಟ ಬಿಡಲಿಲ್ಲ, ಆಟದ ರೀತಿ ಬದಲಿಸಿದೆವು. ಉಚ್ಚಾರಣೆಯ ಬದಲು ಜೋಡಿಪದ: ಒಂದೇ ಅಕ್ಷರ ಬದಲಾಗುವ ಎರಡು ಪದ ಕೊಟ್ಟು ಒಂದು ವಾಕ್ಯ ಮಾಡಿಸುವುದು. ಹುಲಿ-ಹುಳಿ, ಹಲ್ಲಿ-ಹಳ್ಳಿ ಆದ ಮೇಲೆ ಅವನಿಗೆ ಬಂದದ್ದು ಬೆಳೆ-ಬೆಲೆ. ಯೋಚಿಸದೆ ಹೇಳಿದ: ‘ಬೆಳೆ ಬಂದಾಗ ಬೆಲೆ ಇರಲ್ಲ, ಬೆಲೆ ಬಂದಾಗ ಬೆಳೆ ಇರಲ್ಲ’. ಕೊಯ್ಯಿಸಿದರೆ ಕೂಲಿಯ ದುಡ್ಡೂ ಹುಟ್ಟುವುದಿಲ್ಲವೆಂದು ಆ ವಾರವಷ್ಟೇ ಅವನಪ್ಪ ಟೊಮೆಟೊವನ್ನು ಹೊಲದಲ್ಲೇ ಬಿಟ್ಟಿದ್ದರು. ಯಾರೂ ಮಾತಾಡಲಿಲ್ಲ. ಆಮೇಲೆ ಚಪ್ಪಾಳೆ. ‘ಅತ್ತೆ’ ಎಂಬ ಹೆಸರು ಅಲ್ಲಿಗೆ ಮುಗಿಯಿತು.

ನೀವೂ ಆಡಿ ನೋಡಬಹುದಾದ ಇನ್ನು ಮೂರು ಆಟಗಳಿವೆ. ಒಂದು, ಹಿಂದುಮುಂದಾಗಿ ಓದಿದರೂ ಬದಲಾಗದ ಪದಗಳು: ಗದಗ, ಕನಕ, ನಯನ, ನವೀನ, ವಿಕಟಕವಿ. ಕನ್ನಡದಲ್ಲಿ ಇಡೀ ಅಕ್ಷರವನ್ನೇ ಎಣಿಸುವುದರಿಂದ ಇಂಥ ಪದಗಳು ಹುಡುಕಿದಷ್ಟೂ ಸಿಗುತ್ತವೆ. ಐದಕ್ಷರದ್ದು ಹುಡುಕಿದವರಿಗೆ ಒಂದು ಟೀ.

ಎರಡು, ಪರಭಾಷೆಯ ಪದವಿಲ್ಲದೆ ಒಂದು ನಿಮಿಷ ಮಾತಾಡುವುದು. ಬಸ್ಸು, ಪೆನ್ನು ತಪ್ಪಿಸಿ ಬೀಗುವವರು ‘ಕುರ್ಚಿ’ಯಲ್ಲಿ ಸಿಕ್ಕಿಬೀಳುತ್ತಾರೆ, ಅದು ಅರಬ್ಬಿಯಿಂದ ಬಂದದ್ದು. ‘ಚಾವಿ’ ಪೋರ್ಚುಗೀಸರದು. ಹತ್ತು ಸೆಕೆಂಡ್ ದಾಟುವುದೂ ಕಷ್ಟ.

ಮೂರನೆಯದು ನನಗೆ ಅತಿ ಇಷ್ಟ: ತುಟಿಗೆ ತುಟಿ ತಾಗಿಸದೆ ಮಾತಾಡುವುದು. ಪ, ಫ, ಬ, ಭ, ಮ ಬರುವಂತಿಲ್ಲ. ‘ಅಮ್ಮ’, ‘ಅಪ್ಪ’ ಎನ್ನುವಂತಿಲ್ಲ, ‘ತಾಯಿ’, ‘ತಂದೆ’ ಎನ್ನಬೇಕು. ಇದು ಹಳೆಯ ಆಟ. ಸಂಸ್ಕೃತದಲ್ಲಿ ದಂಡಿ ಬರೆದ ‘ದಶಕುಮಾರಚರಿತ’ದಲ್ಲಿ ತುಟಿ ಗಾಯವಾದ ಮಂತ್ರಗುಪ್ತ ತನ್ನ ಇಡೀ ಕಥೆಯನ್ನು ಹೀಗೆಯೇ ಹೇಳುತ್ತಾನೆ.

ಈ ಆಟದಲ್ಲಿ ‘ಹ’ ಬಾರದವನಿಗೂ ಬರುವವನಿಗೂ ಒಂದೇ ಕಷ್ಟ. ಜೊತೆಗೆ ಒಂದು ಲಾಭವಿದೆ. ಸಂದರ್ಶನದಲ್ಲಿ ನಮ್ಮಂಥವರು ನಿಂತುಬಿಡುವುದು ಹೆಚ್ಚಾಗಿ ಒಂದು ಪದ ಸಿಗದೆ. ಈ ಪದ ಇಲ್ಲದಿದ್ದರೆ ಇನ್ನೊಂದು ಎಂದು ತಕ್ಷಣ ದಾರಿ ಹುಡುಕುವುದನ್ನು ಈ ಆಟ ಅಭ್ಯಾಸ ಮಾಡಿಸುತ್ತದೆ. ಆದರೆ ಜೊತೆಯವರು ನಗುವುದು ಪದಕ್ಕೋ ನಮ್ಮ ನಾಲಿಗೆಗೋ ಎಂಬ ಅನುಮಾನವಿದ್ದರೆ ಯಾವ ಆಟವೂ ಏನನ್ನೂ ಕಲಿಸುವುದಿಲ್ಲ.

ಕಳೆದ ತಿಂಗಳು ಗೆಳೆಯ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿದ್ದ. ಕೆಲಸ ಸಿಗಲಿಲ್ಲ. ಆದರೆ ಇಪ್ಪತ್ತು ನಿಮಿಷ ಮಾತಾಡಿ ಬಂದಿದ್ದ. ‘ಮಧ್ಯದಲ್ಲಿ ಒಂದು ಪದ ಮರೆತೋಯ್ತು. ಬೇರೆ ಥರ ಏಳ್ದೆ ಕಣೋ’ ಎಂದ. ರೂಮಿನಲ್ಲಿದ್ದ ಯಾರೂ ತಿದ್ದಲಿಲ್ಲ.